ಬೂದಿ ಬೆಕ್ಕಿನ ಗೃಹಪ್ರವೇಶ

ಬಾ ಕೂಸೇ, ಇತ್ತ ಸರಿದು ಮಲಗು. ಕರಿಯ ನಿನ್ನ ಹೊದಿಕೆಯೊಳಗೇ ಸೇರಿಕೊಂಡಿದಾನಲ್ಲ, ಇರಲಿ, ಇವತ್ತು ನಾನೇನೂ ಅನ್ನಲ್ಲ. ಬೆಳಗಾದರೆ ಹೊಸ ಮನೆಗೆ ಹೋಗೋದು, ಈ ಬೆಕ್ಕನ್ನ ಮಾತ್ರ ಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟು ಬರೋದು ಅಂತ ನಿಮ್ಮಪ್ಪ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಅಳಬೇಡ. ಒಂದು ಕತೆ ಹೇಳ್ತೀನಿ. ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ನಡುಮನೆಯಲ್ಲಿ ಗಂಟು ಕಟ್ಟುತ್ತಾ ಕೂತವರಿಗೂ ಕೇಳಿಸಲಿ.

ಒಂದಾನೊಂದು ಕಾಲದಲ್ಲಿ, ಕೂಗಿದರೆ ದೇವರು ಓ ಅನ್ನುವಷ್ಟು ಹತ್ತಿರ ಇದ್ದ ಕಾಲದಲ್ಲಿ, ಹಾಲಮ್ಮ ಅಂತ ಒಬ್ಬ ಹೆಂಗಸು ಇದ್ದಳಂತೆ. ಗಂಡ ಇಲ್ಲ, ಮಕ್ಕಳಿಲ್ಲ, ಮಂಡಕ್ಕಿ ಹುರಿದು ಮಾರಿ ಬದುಕುತ್ತಿದ್ದಳಂತೆ. ಊರಗೌಡನದೊಂದು ಮನೆ ಏಳು ವರ್ಷದಿಂದ ಪಾಳು ಬಿದ್ದಿತ್ತಂತೆ, ಇಲಿ ಹೆಗ್ಗಣ ಬಿಟ್ಟರೆ ಇನ್ನೊಂದು ಜೀವ ಅಲ್ಲಿ ಕಾಲಿಡುತ್ತಿರಲಿಲ್ಲವಂತೆ. ಇರೋದಾದರೆ ಇರು ಅಂತ ಗೌಡ ಅದನ್ನ ಇವಳಿಗೆ ಕೊಟ್ಟನಂತೆ. ಇವಳು ಹೋದಳು, ಗುಡಿಸಿದಳು, ಸಾರಿಸಿದಳು, ಒಲೆ ಹೂಡಿದಳು. ಆಮೇಲೆ ಒಂದು ಬೆಳಿಗ್ಗೆ ಒಲೆಯ ಬೂದಿ ತೆಗೆಯೋಕೆ ಹೋದರೆ, ಬೂದಿಯೊಳಗೆ ಎರಡು ಕಣ್ಣು ಪಿಳಿಪಿಳಿ ಅಂದವಂತೆ. ಯಾರೋ ಬೀದಿಗೆ ಎಸೆದ ಬೆಕ್ಕಿನ ಮರಿ, ಚಳಿ ತಡೆಯಲಾರದೆ ಬೆಚ್ಚನೆಯ ಬೂದಿ ಹುಡುಕಿಕೊಂಡು ಬಂದಿತ್ತು. ಹಾಲಮ್ಮ ಅದನ್ನ ಸೆರಗಲ್ಲಿ ಒರೆಸಿ, ಬೂದಿ ಅಂತಲೇ ಹೆಸರಿಟ್ಟು, ತನ್ನ ಅನ್ನದಲ್ಲಿ ಅರ್ಧ ಅದರ ಮುಂದಿಟ್ಟಳಂತೆ. ವರ್ಷ ತುಂಬೋದರೊಳಗೆ ಆ ಮನೆಯಲ್ಲಿ ಹುಡುಕಿದರೂ ಒಂದು ಇಲಿ ಇರಲಿಲ್ಲ ನೋಡು.

ಆಮೇಲೆ ಏನಾಯಿತು ಅಂದರೆ, ಗೌಡ ಮಗನಿಗೆ ಹೆಣ್ಣು ನೋಡೋಕೆ ಹೊರಟಾಗ ಬೂದಿ ಬೀದಿ ದಾಟಿತಂತೆ. ಆ ಸಂಬಂಧ ಕೂಡಿಬರಲಿಲ್ಲ. ಹೆಣ್ಣಿನ ಮನೆಯಲ್ಲಿ ಮಗರಾಯ ಹದಿನೆಂಟು ಹೋಳಿಗೆ ತಿಂದು, ಇನ್ನೂ ಇದೆಯಾ ಅಂತ ಕೇಳಿದ್ದು ತಪ್ಪಲ್ಲ, ತಪ್ಪೆಲ್ಲ ಬೆಕ್ಕಿನದು! ಗೌಡ ಬಂದು ಅಂಗಳದಲ್ಲಿ ನಿಂತು, ಬೆಕ್ಕು ಬಿಡು, ಇಲ್ಲ ಮನೆ ಬಿಡು ಅಂದನಂತೆ. ಹಾಲಮ್ಮನಿಗೆ ಮೈಯೆಲ್ಲ ಉರಿದುಹೋಯಿತಂತೆ. ಗೌಡ್ರೇ, ಇದು ದಿನಾ ಬೆಳಿಗ್ಗೆ ನನ್ನ ಕಾಲಿಗೆ ಅಡ್ಡ ಬರುತ್ತೆ, ನನಗೇನಾಗಿದೆ? ನೀವು ಹೊರಟಿದ್ದು ನಿಮ್ಮ ಕೆಲಸಕ್ಕೆ, ಅದು ಹೊರಟಿದ್ದು ಅದರ ಕೆಲಸಕ್ಕೆ. ನೀವೇ ಅದಕ್ಕೆ ಅಡ್ಡ ಬಂದಿರಿ ಅಂತ ಅದು ಯಾರ ಹತ್ತಿರ ಹೋಗಿ ಹೇಳಿಕೊಳ್ಳಬೇಕು? ಅಂದಳಂತೆ. ಗೌಡ ಮೀಸೆ ಮುಟ್ಟಿಕೊಂಡು, ಬೀದಿ ಕಡೆ ಕೈ ತೋರಿಸಿದನಂತೆ.

ಮನೆ ಬಿಟ್ಟಳು ತಾಯಿ. ಬಾಣಲೆ ತಲೆ ಮೇಲೆ, ಬೂದಿ ಕಂಕುಳಲ್ಲಿ. ಮೊದಲು ಚಿಕ್ಕಮ್ಮನ ಮಗಳ ಮನೆಗೆ ಹೋದಳಂತೆ. ನೀನು ಬಾರಕ್ಕ, ಅದು ಬೇಡ ಅಂದಳಂತೆ ಅವಳು. ಆಮೇಲೆ ಛತ್ರಕ್ಕೆ ಹೋದಳಂತೆ. ಅಲ್ಲಿ ನೋಡಿಕೊಳ್ಳೋನು ಬಾಗಿಲಿಗೆ ಕೈ ಅಡ್ಡ ಹಿಡಿದು, ಇಲ್ಲಿ ಸಾಧುಗಳು ಊಟ ಮಾಡ್ತಾರೆ, ಬೆಕ್ಕು ಬಂದರೆ ಮೈಲಿಗೆ ಅಂದನಂತೆ. ಅವನು ಹಾಗನ್ನೋವಾಗ ಅವನ ಬೆನ್ನ ಹಿಂದೆ, ಅನ್ನದ ಕೊಪ್ಪರಿಗೆಯ ಅಂಚಿನ ಮೇಲೆ, ಹೆಗ್ಗಣ ಒಂದು ಕೂತು ಮೀಸೆ ತೀಡುತ್ತಿತ್ತಂತೆ! ಆಮೇಲೆ ಮೂರನೆಯದಾಗಿ ಕೆರೆ ಏರಿ ಮೇಲಿನ ಹನುಮಪ್ಪನ ಹಾಳು ಮಂಟಪಕ್ಕೆ ಹೋಗಿ, ಅಪ್ಪಾ, ನಾವಿಬ್ಬರಿದ್ದೀವಿ ಅಂದಳಂತೆ. ಹನುಮಪ್ಪ ಬೇಡ ಅನ್ನಲಿಲ್ಲ. ಬೂದಿ ಹೋಗಿ ಅವನ ಪಾದದ ಹತ್ತಿರ ಸುರುಳಿ ಸುತ್ತಿಕೊಂಡು ಮಲಗಿತಂತೆ. ದೇವರಿಗೇ ಇಲ್ಲದ ಮೈಲಿಗೆ ಈ ಮನುಷ್ಯರಿಗೆ ಎಲ್ಲಿಂದ ಬಂತು ಅಂತೀನಿ ನಾನು! ಶಿವಾನಂದಾ, ಏನೋ ಅದು ಕೆಮ್ಮು? ನಾನು ನಿನಗೆ ಹೇಳ್ತಿಲ್ಲಪ್ಪ, ನಿನ್ನ ಕೂಸಿಗೆ ಹೇಳ್ತಿರೋದು.

ಆಮೇಲೆ ಗೌಡನ ಮಗನಿಗೆ ಬೇರೆ ಕಡೆ ಹೆಣ್ಣು ಸಿಕ್ಕಿ ಮದುವೆಯಾಯಿತಂತೆ. ಆ ಮನೆ ಈಗ ಚೊಕ್ಕಟವಾಗಿದೆಯಲ್ಲ, ಮಗ ಸೊಸೆ ಅಲ್ಲೇ ಇರಲಿ ಅಂತ ಗೌಡ ಗೃಹಪ್ರವೇಶ ಇಟ್ಟನಂತೆ. ಚೊಕ್ಕಟ ಮಾಡಿದ್ದು ಯಾರು? ಅದನ್ನ ಯಾರೂ ಕೇಳಲಿಲ್ಲ. ಆದರೆ ಬೆಕ್ಕಿಗೆ ಮನೆ ಮರೆಯುತ್ತಾ? ಹಾಲಮ್ಮ ಎಷ್ಟು ಸಲ ಮಂಟಪಕ್ಕೆ ಎತ್ತಿಕೊಂಡು ಬಂದರೂ, ಬೆಳಗಾದರೆ ಬೂದಿ ತನ್ನ ಹಳೇ ಒಲೆಯ ಹತ್ತಿರ ಹಾಜರು. ಮೊದಲನೇ ಮುಹೂರ್ತಕ್ಕೆ ಮುಂದೆ ಆಕಳು, ಹಿಂದೆ ಕಳಸ ಹಿಡಿದ ಸೊಸೆ, ಅವಳ ಹಿಂದೆ ವಾಲಗ, ಎಲ್ಲ ಬಾಗಿಲ ತನಕ ಬಂದರಂತೆ. ಬೂದಿ ಒಳಗಿಂದ ಬಂದು ಅಡ್ಡ ದಾಟಿತು. ಎಲ್ಲರೂ ವಾಪಸ್. ಎರಡನೇ ಮುಹೂರ್ತಕ್ಕೆ ಹಿತ್ತಲ ಬಾಗಿಲಿಂದ ಕಳ್ಳರ ಹಾಗೆ ಬಂದರಂತೆ. ಅಲ್ಲೂ ಬೂದಿ. ಮೂರನೇ ಮುಹೂರ್ತಕ್ಕೆ ಬಾಗಿಲಿಗೊಬ್ಬ, ಕಿಟಕಿಗೊಬ್ಬ ಆಳು, ಕೈಯಲ್ಲಿ ದೊಣ್ಣೆ. ಒಂದು ಬೆಕ್ಕಿಗೆ, ಶಿವನೇ, ಒಂದು ಹಿಡಿ ಬೆಕ್ಕಿಗೆ! ಬೂದಿ ಸೂರಿನ ಮೇಲಿಂದ ಆಕಳ ಮುಂದೆಯೇ ಧೊಪ್ಪಂತ ಬಿತ್ತಂತೆ, ಬೆಚ್ಚಿದ ಆಕಳು ತಿರುಗಿ ವಾಲಗದವರ ಮೇಲೆ ನುಗ್ಗಿತಂತೆ.

ಆಮೇಲೆ ಗೌಡ ಪೂಜೆ ಮಾಡಿಸೋ ಐನೋರ ಹತ್ತಿರ ಹೋಗಿ, ಇದಕ್ಕೇನು ದಾರಿ ಅಂತ ಕೇಳಿದನಂತೆ. ಐನೋರಿಗೆ ಎಂಬತ್ತು ವರ್ಷ, ಹಾಲಮ್ಮನ ಮಂಡಕ್ಕಿ ಇಲ್ಲದೆ ಬಾಯಿ ಸಪ್ಪೆಯಾಗಿತ್ತು. ಅವರು ಯೋಚನೆ ಮಾಡಿ, ಗೌಡ್ರೇ, ಪಕ್ಕದಿಂದ ಬಂದರೆ ತಾನೇ ಅಡ್ಡ? ಎಲ್ಲರಿಗಿಂತ ಮುಂದೆ ನಡೆದರೆ ಅಡ್ಡ ಬರೋದೆಲ್ಲಿಂದ? ಬೆಕ್ಕನ್ನ ಎತ್ತಿಕೊಂಡು ಹಾಲಮ್ಮ ಮುಂದೆ ಹೋಗಲಿ, ಆಕಳು ಹಿಂದೆ ಬರಲಿ ಅಂದರಂತೆ.

ಗೌಡ ಕೆರೆ ಏರಿ ಹತ್ತಿದ. ಹಾಲಮ್ಮ ಎದ್ದು ಕೂಡ ನಿಲ್ಲಲಿಲ್ಲ. ಅಟ್ಟೋಕೆ ಬಂದ ಕಾಲಲ್ಲೇ ಕರೆಯೋಕೂ ಬಂದ್ರಾ ಗೌಡ್ರೇ? ನನ್ನ ಕರೆದರೆ ಆಗಲ್ಲ. ಅಟ್ಟಿದ್ದು ಇದನ್ನ, ಇದನ್ನೇ ಕರೀರಿ, ಹೆಸರು ಹಿಡಿದು ಕರೀರಿ ಅಂದಳಂತೆ. ಊರಗೌಡ, ಅಷ್ಟು ದೊಡ್ಡ ಮೀಸೆಯವನು, ಸೊಂಟ ಬಗ್ಗಿಸಿ, ಬಾರವ್ವ ಬೂದಿ, ಬಾ ಅಂದನಂತೆ. ಬೂದಿ ಒಂದು ಸಲ ಮೈ ಮುರಿದು, ನಿಧಾನಕ್ಕೆ ಎದ್ದಿತಂತೆ.

ಆಮೇಲೆ ಮುಂದೆ ಹಾಲಮ್ಮ, ಅವಳ ತೋಳಲ್ಲಿ ಬೂದಿ, ಹಿಂದೆ ಆಕಳು, ಅದರ ಹಿಂದೆ ಗೌಡನ ಮನೆಯವರೆಲ್ಲ. ಹಾಲಮ್ಮ ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಕೈಗೆ ಗೊತ್ತಿದ್ದ ಒಲೆ, ಸೀದಾ ಹೋಗಿ ಹಚ್ಚಿದಳು, ಹಾಲಿಟ್ಟಳು, ಹಾಲು ಬುಸುಬುಸು ಉಕ್ಕಿತು. ಆಗ ಐನೋರು ಕೈ ಮುಗಿದು, ಮುಗೀತು ಗೌಡ್ರೇ, ಹೊಸ್ತಿಲು ಮೊದಲು ದಾಟಿ ಒಲೆ ಮೇಲೆ ಹಾಲು ಉಕ್ಕಿಸಿದವರು ಯಾರೋ ಗೃಹಪ್ರವೇಶ ಅವರದು. ಇನ್ನು ಈ ಮನೆ ಹಾಲಮ್ಮನದು, ಬೂದಿಯದು. ಮತ್ತೊಂದು ಸಲ ಮಾಡಿಸೋ ಶಾಸ್ತ್ರ ನನಗಂತೂ ಗೊತ್ತಿಲ್ಲ ಅಂದರಂತೆ. ಗೌಡ ಬಾಯಿ ತೆಗೆದ. ಅಷ್ಟರಲ್ಲಿ, ಮೂರು ಮುಹೂರ್ತ ಕಳಸ ಹೊತ್ತು ತೋಳು ಬಿದ್ದುಹೋಗಿದ್ದ ಸೊಸೆ, ಮಾವಾ, ಶಕುನ ನಂಬೋದಾದರೆ ಪೂರ್ತಿ ನಂಬಿ, ಬೇಕಾದಷ್ಟೇ ನಂಬಬೇಡಿ ಅಂದಳಂತೆ. ಗೌಡ ಬಾಯಿ ಮುಚ್ಚಿದ.

ಮಗ ಸೊಸೆ ದೊಡ್ಡ ಮನೆಯಲ್ಲೇ ಉಳಿದರಂತೆ, ಹಾಲಮ್ಮ ಮತ್ತೆ ಮಂಡಕ್ಕಿ ಹುರಿದಳಂತೆ, ಮೊದಲ ಸೇರು ಐನೋರಿಗೆ ಹೋಯಿತಂತೆ. ಅವತ್ತಿಂದ ಆ ಊರಲ್ಲಿ ಯಾರು ಹೊಸ ಮನೆಗೆ ಹೋಗೋದಿದ್ದರೂ ಮೊದಲು ಬಂದು ಬೂದಿಯನ್ನ ಕರೀತಿದ್ದರಂತೆ.

ಏನಂದೆ ಶಿವಾನಂದಾ? ಗಟ್ಟಿಯಾಗಿ ಹೇಳು, ನನಗೆ ಕಿವಿ ಮಂದ. ಕರಿಯನಿಗೆ ಬುಟ್ಟಿನಾ? ಮುಚ್ಚಳ ಇರೋ ಬುಟ್ಟಿ ಅಟ್ಟದ ಮೇಲಿದೆ, ಒಳಗೆ ಕೂಸಿನ ಹಳೇ ಬಟ್ಟೆ ಹಾಸು. ಆ ಚೀಲ ಇತ್ತ ಎಸಿ, ಅದಕ್ಕೆ ನಿನ್ನ ಚಪ್ಪಲಿ ತುಂಬ್ತೀನಿ.

ಕೇಳಿದೆಯಾ ಕೂಸೇ? ನಾಳೆ ಆಕಳ ಮುಂದೆ ಕರಿಯನನ್ನ ಎತ್ತಿಕೊಂಡು ಹೋಗೋದು ನೀನೇ. ಕರಿಯನ ಕಣ್ಣು ಮುಚ್ಚಿತು, ನಿನ್ನ ಕಣ್ಣೂ ಮುಚ್ಚು. ಹಾಲಮ್ಮನ ಒಲೆ ಆರಿತು, ನಮ್ಮ ಕತೆಯೂ ಅಲ್ಲಿಗೆ ಮುಗೀತು.