ಶಲ್ಯದ ಅಂಚು ತಾಕಿದ ಬಲೂನು

“ಬುದ್ಧೀ, ಒಂದು ಸಣ್ಣ ಮಾತಿಗೆ ಅಷ್ಟು ದೊಡ್ಡ ಸದ್ದು ಹೇಗೆ ಹುಟ್ಟುತ್ತದೆ?” ಎಂದು ಗುರುಗಳನ್ನು ಷಡಕ್ಷರಿ ಕೇಳಿದ.

ಮಠದ ಅಡುಗೆಮನೆಯ ಉಸ್ತುವಾರಿ ಎಂಟು ವರ್ಷದಿಂದ ಅವನದು. ಅಂದು ಪಂಕ್ತಿ ಕೂತಿದ್ದಾಗ ಅವನು ಅಡುಗೆಯ ಗುರುಮಲ್ಲಪ್ಪನಿಗೆ, “ಸಾರಿಗೆ ಉಪ್ಪು ಸಾಲದು” ಎಂದಿದ್ದ. ಅಷ್ಟೇ. ಗುರುಮಲ್ಲಪ್ಪ ಸೌಟು ಬಿಸಾಕಿ, ಮೂರು ಬೀದಿಗೆ ಕೇಳುವಂತೆ ಕೂಗಾಡಿ, ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ನೀನೇ ಹೋಗಿ ಕರೆದುಕೊಂಡು ಬಾ ಎಂದು ಮಠದವರೆಲ್ಲ ಷಡಕ್ಷರಿಗೆ ಹೇಳುತ್ತಿದ್ದರು. ತಪ್ಪಿಲ್ಲದೆ ತಲೆ ಬಾಗಿಸುವುದು ಅವನಿಂದ ಆಗುವ ಕೆಲಸವಲ್ಲ. ತಪ್ಪು ತನ್ನದಲ್ಲವೆಂದು ಗುರುಗಳ ಬಾಯಿಂದ ಒಂದು ಮಾತು ಬಂದರೆ ಅವನಿಗೆ ಸಾಕಿತ್ತು.

“ಗುರುಮಲ್ಲಪ್ಪ ಒಂದು ದಿನವೂ ಎದುರು ಮಾತಾಡಿದವನಲ್ಲ. ನೂರು ಎಲೆಯ ಜಾಗದಲ್ಲಿ ಮುನ್ನೂರು ಎಲೆಗೆ ಬೇಯಿಸು ಎಂದು ನಾನು ಹೇಳಿದರೂ ಹೂಂ, ಹಬ್ಬಕ್ಕೆ ಊರಿಗೆ ಹೋಗಬೇಡ ಎಂದರೂ ಹೂಂ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಅಂಥವನು ಉಪ್ಪಿನ ಮಾತಿಗೆ ಹೀಗೆ ತುಳುಕಬಹುದೇ?” ಎಂದ.

ಗುರುಗಳು ನಕ್ಕರು. “ಕೊಡ ಹಿಗ್ಗುವುದಿಲ್ಲ ಕಣಪ್ಪ. ಹಿಗ್ಗುವುದರ ಕತೆಯೇ ಬೇರೆ,” ಎಂದು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಗಂಡಹೆಂಡಿರು ಬಲೂನು ಮಾರುತ್ತಿದ್ದರು. ಇಬ್ಬರೂ ಬಾಯಿಂದಲೇ ಊದುವವರು. ಹೆಂಡತಿ ಊದಿದ ಬಲೂನು ಗಂಟಿನ ಹತ್ತಿರ ಮೆತ್ತಗೆ ಉಳಿದಿರುತ್ತಿತ್ತು. ಗಂಡನಿಗೆ ಅದು ಒಗ್ಗದು. ದೊಡ್ಡದಾಗಿ ಕಂಡರೆ ಜನ ಬರುತ್ತಾರೆಂದು ಅವನು ಇನ್ನೊಂದು ಉಸಿರು ಸೇರಿಸುವನು. ಬಲೂನು ತಡೆದುಕೊಂಡರೆ ಮತ್ತೊಂದು. ತಡೆದುಕೊಂಡದ್ದನ್ನೇ ಅವನು ಒಪ್ಪಿಗೆ ಎಂದು ತಿಳಿದಿದ್ದ.

ಒಂದು ದಿನ ಒಬ್ಬ ವರ್ತಕ ಆ ದಾರಿಯಲ್ಲಿ ಬಂದ. ಅವನ ಶಲ್ಯದ ಜರಿ ಅಂಚು ಗಂಡ ಊದಿದ ಬಲೂನಿಗೆ ತಾಕಿತು. ಬಲೂನು ಢಬ್ಬೆಂದು ಒಡೆಯಿತು. ಬೀದಿಯೆಲ್ಲ ಬೆಚ್ಚಿ ತಿರುಗಿ ನೋಡಿತು.

ಮಾರುವವನು ವರ್ತಕನ ಶಲ್ಯ ಹಿಡಿದ. “ಕಣ್ಣು ಕಾಣಲ್ವಾ ಸ್ವಾಮಿ? ಒಡೆದುಬಿಟ್ಟಿರಲ್ಲ!”

“ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕ್ತೀಯೇನಯ್ಯ? ಶಲ್ಯ ತಾಕಿದ್ದಕ್ಕೆ ಇಷ್ಟು ಸದ್ದು ಬರುತ್ತಾ?” ಎಂದ ವರ್ತಕ.

ಹೆಂಡತಿ ತಾನು ಊದಿದ ಒಂದು ಬಲೂನು ತಂದು ಅದೇ ಜರಿಗೆ ಉಜ್ಜಿದಳು. ಏನೂ ಆಗಲಿಲ್ಲ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಗಂಟಿನ ಪಕ್ಕದ ಮೆತ್ತಗಿನ ಜಾಗಕ್ಕೆ ಚುಚ್ಚಿದಳು. ಬಲೂನು ಪುಸ್ಸೆಂದು ಮೆಲ್ಲಗೆ ಸೊರಗಿತು. ಗಂಡ ಶಲ್ಯ ಬಿಟ್ಟ. ವರ್ತಕ ತನ್ನ ದಾರಿ ಹಿಡಿದ.

ಗುರುಗಳು ಕತೆ ನಿಲ್ಲಿಸಿ ವಿವರಿಸಿದರು. “ಬಿಗಿದ ರಬ್ಬರು ಸುಮ್ಮನಿದ್ದ ಹಾಗೆ ಕಾಣುತ್ತದೆ, ಸುಮ್ಮನಿರುವುದಿಲ್ಲ. ಅದರ ಒಂದೊಂದು ಚೂರೂ ಪಕ್ಕದ್ದನ್ನು ಎಳೆಯುತ್ತಿರುತ್ತದೆ. ಎಲ್ಲೋ ಒಂದು ಸಣ್ಣ ಸೀಳು ಬಿದ್ದರೆ ಸಾಕು, ಆ ಎಳೆತವೇ ಸೀಳನ್ನು ಉದ್ದಕ್ಕೂ ಓಡಿಸುತ್ತದೆ. ರೆಪ್ಪೆ ಬಡಿಯುವುದರೊಳಗೆ ರಬ್ಬರು ಚಿಂದಿ. ಒಳಗೆ ಒತ್ತಿ ತುಂಬಿದ್ದ ಗಾಳಿಗೆ ಆಗ ತಡೆಯೇ ಇಲ್ಲ. ಒಮ್ಮೆಲೇ ನುಗ್ಗಿ ಹೊರಗಿನ ಗಾಳಿಯನ್ನು ಗುದ್ದುತ್ತದೆ. ಆ ಗುದ್ದು ಬಂದು ಕಿವಿಗೆ ತಟ್ಟಿದರೆ ನಾವು ಸದ್ದು ಎನ್ನುತ್ತೇವೆ. ಮೆತ್ತಗಿರುವ ಕಡೆ ಎಳೆತ ಕಡಿಮೆ. ಅಲ್ಲಿ ತೂತು ತೂತಾಗಿಯೇ ಉಳಿಯುತ್ತದೆ, ಗಾಳಿ ನಿಧಾನವಾಗಿ ಹೊರಬೀಳುತ್ತದೆ. ಸದ್ದು ಪಿನ್ನಿನಲ್ಲೂ ಇಲ್ಲ, ಜರಿಯಲ್ಲೂ ಇಲ್ಲ.”

ಷಡಕ್ಷರಿಯ ಎದೆಯ ಮೇಲಿನ ಭಾರ ಇಳಿಯಿತು. ಗುರುಗಳು ತನ್ನ ಪರವಾಗಿಯೇ ಹೇಳಿದರೆಂದು ಅವನಿಗೆ ಬಹಳ ಸಂತೋಷವಾಯಿತು.

“ಸತ್ಯ, ಬುದ್ಧೀ. ನಾನೂ ಆ ವರ್ತಕನ ಹಾಗೆಯೇ. ದಾರಿಯಲ್ಲಿ ಹೋಗುತ್ತಿದ್ದೆ, ಶಲ್ಯ ತಾಕಿತು. ಅವನನ್ನು ನಾನೇಕೆ ಕರೆಯಲು ಹೋಗಬೇಕು?” ಎಂದು ಕೈಮುಗಿದು ಏಳಲು ಹೊರಟ.

“ಈ ಎಂಟು ವರ್ಷ ನೀನು ದಾರಿಯಲ್ಲಿ ಹೋಗುತ್ತಿದ್ದೆಯೋ, ಊದುತ್ತಿದ್ದೆಯೋ?” ಎಂದರು ಗುರುಗಳು.