ಗಾಳಿ ಒಳಬರುವ ಬಾಗಿಲು

ಮಲಪ್ರಭೆಯ ದಡದಲ್ಲಿ ಒಂದು ತಗಡಿನ ಶೆಡ್ಡು. ಅಲ್ಲಿ ಗುರುವೊಬ್ಬರು, ಶಿಷ್ಯನೊಬ್ಬ. ಇಬ್ಬರ ನಡುವೆ ಇನ್ನೂ ಹಾರದ ಒಂದು ವಿಮಾನ.

ಗುರು ವಾಮನರಾಯರು. ತಮ್ಮ ಕೈಯಾರೆ ಕಟ್ಟಿದ ವಿಮಾನದಲ್ಲಿ ಹಿಂದೆ ಹಾರಿದವರು. ಶಿಷ್ಯ ಫಕೀರೇಶ. ಈ ವಿಮಾನವನ್ನು ರೆಕ್ಕೆಯಿಂದ ಬಾಲದವರೆಗೆ ಅವನೇ ಕಟ್ಟಿದ್ದ. ಮೊದಲು ಹಾರಿಸಬೇಕಾದವನೂ ಅವನೇ.

ಎಲ್ಲ ಮುಗಿದಿತ್ತು, ಎಂಜಿನ್ನಿನ ಬಾಗಿಲೊಂದನ್ನು ಬಿಟ್ಟು.

ಬಾಗಿಲು ಎಂದರೇನೆಂದು ಬಿಡಿಸಿ ಹೇಳಬೇಕು. ಅದು ರೋಟರಿ ಎಂಜಿನ್. ಅದರಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುವುದಿಲ್ಲ. ಮೂರು ಮೂಲೆಯ ರೋಟರ್ ಒಂದು ಕವಚದೊಳಗೆ ತಿರುಗುತ್ತದೆ. ಗಾಳಿ, ಪೆಟ್ರೋಲು ಒಳಬರಲು ಒಂದು ತೂತು ಬೇಕು. ಅದನ್ನು ಪಕ್ಕದ ಗೋಡೆಯಲ್ಲಿ ಇಡಬಹುದು, ಇಲ್ಲವೇ ಹೊರಗಿನ ಸುತ್ತುಗೋಡೆಯಲ್ಲಿ.

ಪಕ್ಕದ ಬಾಗಿಲಾದರೆ ಎಂಜಿನ್ ನಿಧಾನದಲ್ಲೂ ಶಾಂತವಾಗಿ ಓಡುತ್ತದೆ. ಬಲ ಮಾತ್ರ ಕಡಿಮೆ. ಸುತ್ತುಗೋಡೆಯದಾದರೆ ಬಲ ಹೆಚ್ಚು. ಆದರೆ ಹೊಗೆ ಹೊರಹೋಗುವ ಬಾಗಿಲು ಮುಚ್ಚುವ ಮೊದಲೇ ಅದು ತೆರೆದುಕೊಳ್ಳುತ್ತದೆ. ಹಾಗಾಗಿ ವೇಗ ತಗ್ಗಿಸಿದಾಗ ಸುಟ್ಟ ಹೊಗೆ ಹೊಸ ಗಾಳಿಗೆ ಬೆರೆತು ಎಂಜಿನ್ ಕೆಮ್ಮುತ್ತದೆ. ಕೆಮ್ಮಿ ನಿಂತೂ ಹೋಗಬಹುದು.

ಫಕೀರೇಶನ ಬಳಿ ಎರಡೂ ಬಗೆಯ ಕವಚಗಳಿದ್ದವು. ನೆಮ್ಮದಿ ಇರಲಿಲ್ಲ.

"ಸುತ್ತುಗೋಡೀದ ಇರಲಿ ಮಾಸ್ತರ," ಎಂದ ಒಂದು ಬೆಳಿಗ್ಗೆ. "ನಮ್ಮ ಬಯಲು ಸಣ್ಣದೈತಿ. ತುದಿಗೆ ಬೇವಿನ ಮರ ಅದಾವು. ಏರೂ ಮುಂದ ಬಲ ಸಾಲಲಿಲ್ಲಂದ್ರ ನಾ ಅಲ್ಲೇ ಜೋತುಬೀಳತೀನಿ."

"ಹಂಗಾದ್ರ ಅದನ್ನ ಜೋಡಿಸು."

ಜೋಡಿಸಿದ. ಸಂಜೆಯೊಳಗೆ ಬಿಚ್ಚಿದ.

"ಇಳಿಯೂ ಮುಂದ ವೇಗ ತಗ್ಗಿಸಿದಾಗ ಕೆಮ್ಮಿ ನಿಂತ್ರ? ಪಕ್ಕದ್ದ ಛಲೋ ಅಲ್ರೀ?"

"ಹಂಗಾದ್ರ ಇದನ್ನ ಜೋಡಿಸು."

"ಎರಡಕ್ಕೂ ಹೂಂ ಅಂತೀರಲ್ರೀ!"

"ನೀ ಎರಡನ್ನೂ ಕೇಳತೀಯಲ್ಲೋ. ಬಾ, ಚಹಾ ಕುಡಿ. ಬಿಚ್ಚಿ ಬಿಚ್ಚಿ ಆ ಬೋಲ್ಟಿಗೂ ಬ್ಯಾಸರಾಗ್ಯದ."

ಚಹಾ ಆರಿತು. ಫಕೀರೇಶ ದಡದುದ್ದಕ್ಕೂ ಶತಪಥ ಹಾಕುತ್ತಿದ್ದ. ಓಡಿಬಂದ.

"ಎರಡೂ ಬಾಗಲಾ ಇಟ್ರ ಹೆಂಗ್ರಿ?"

"ಒಂದು ಕಿಡಕೀನೂ ಇಡು."

ಫಕೀರೇಶನಿಗೆ ನಗು ಬರಲಿಲ್ಲ. ತಪ್ಪಿ ಆರಿಸಿದರೆ ತನ್ನ ಪ್ರಾಣ ಹೋಗುತ್ತದೆ; ಆರಿಸದಿದ್ದರೆ ವಿಮಾನ ಶೆಡ್ಡಿನಲ್ಲೇ ಉಳಿಯುತ್ತದೆ. ಊಟ ಮಾಡುವಾಗಲೂ ಅವನ ಬೆರಳು ತಟ್ಟೆಯ ಅಂಚಿನಲ್ಲಿ ತೂತಿನ ಆಕಾರ ಬರೆಯುತ್ತಿತ್ತು.

ಹೀಗೆ ಹಲವು ದಿನ ಕಳೆದ ಮೇಲೆ ಸ್ಪ್ಯಾನರನ್ನು ನೆಲಕ್ಕೆ ಬಿಸುಟ. "ನನಗ ಆಗೂದಿಲ್ರಿ. ನೀವ ಹೇಳಿಬಿಡ್ರಿ."

ವಾಮನರಾಯರು ಎದ್ದರು. ಮೆಲ್ಲಗೆ ವಿಮಾನ ಹತ್ತಿ, ಸೀಟಿನಲ್ಲಿ ಕುಳಿತು, ಬೆಲ್ಟು ಬಿಗಿದುಕೊಂಡರು.

"ಮೊದಲ ಸಲ ನಾನ ಹಾರಸ್ತೀನಿ. ನಿನಗ ತಿಳಿದದ್ದನ್ನ ಜೋಡಿಸು."

ಫಕೀರೇಶ ಒಂದು ಕ್ಷಣ ಅವರನ್ನೇ ನೋಡಿದ. ಬಿಸುಟ ಸ್ಪ್ಯಾನರನ್ನು ಎತ್ತಿಕೊಂಡ. ಕೈ ನೇರವಾಗಿ ಪಕ್ಕದ ಬಾಗಿಲಿನ ಕವಚಕ್ಕೆ ಹೋಯಿತು.

"ಯಾಕ ಅದು?"

"ನೀವು ಇಳಿಯೂ ಮುಂದ ಎಂಜಿನ್ ನಿಲ್ಲಬಾರದ್ರಿ."

"ಮತ್ತ ಬೇವಿನ ಮರ?"

"ಟ್ಯಾಂಕ್ ಅರ್ಧ ಅಷ್ಟ ತುಂಬಸೂಣ್ರಿ, ಭಾರ ಇಳೀತೈತಿ. ಮುಂಜಾನೆ ತಂಪು ಹೊತ್ತಿನ್ಯಾಗ ರೆಕ್ಕಿಗೆ ಗಾಳಿ ಛಲೋ ಸಿಗತೈತಿ. ಎದುರುಗಾಳಿ ಇರಲಿಲ್ಲಂದ್ರ ಅವತ್ತು ಹಾರೂದ ಬ್ಯಾಡ್ರಿ. ಅರ್ಧ ಬಯಲು ದಾಟಿದ್ರೂ ನೆಲ ಬಿಡಲಿಲ್ಲಂದ್ರ ಅಲ್ಲೇ ನಿಲ್ಲಿಸಿಬಿಡ್ರಿ ಮಾಸ್ತರ. ಮಂದಿ ನಗತಾರಂತ ನೋಡಬ್ಯಾಡ್ರಿ..."

ಮಾತು ಅಲ್ಲಿಗೇ ನಿಂತಿತು. ಇಷ್ಟು ದಿನ ತಲೆ ಕೆಡಿಸಿಕೊಂಡರೂ ಹೊಳೆಯದಿದ್ದುದೆಲ್ಲ ಒಂದೇ ಉಸಿರಿಗೆ ಬಾಯಿಗೆ ಬಂದಿತ್ತು. ಅದು ಅವನಿಗೇ ಕೇಳಿಸಿತು.

ವಾಮನರಾಯರು ಬೆಲ್ಟು ಬಿಚ್ಚಿ ಕೆಳಗಿಳಿದರು. ಖಾಲಿ ಸೀಟನ್ನು ಅಂಗೈಯಿಂದ ಒರೆಸಿದರು.

"ಇಷ್ಟ ದಿನ ಇದರಾಗ ಯಾರನ್ನ ಕೂಡಿಸಿ ಲೆಕ್ಕ ಹಾಕತಿದ್ದ್ಯೋ, ಫಕೀರೇಶಾ?"