ಓಗೊಡದ ನಗಾರಿ

"ಬಲಶಾಲಿ ಕೇಳಿದ್ದನ್ನು ಕೊಟ್ಟು ಯುದ್ಧ ತಪ್ಪಿಸಿಕೊಂಡರೆ ಅದರಲ್ಲಿ ತಪ್ಪೇನಿದೆ, ಬುದ್ಧೀ?"

ಕೇಳಿದವನು ಬೊಮ್ಮಣ್ಣ. ಮಠದಲ್ಲಿ ಓದುತ್ತಿದ್ದ ಅವನು ಒಬ್ಬ ನಾಯಕನ ಮಗ. ನೆರೆಯ ದೊರೆಯೊಬ್ಬನು ಅವನ ತಂದೆಗೆ ಹೇಳಿ ಕಳುಹಿಸಿದ್ದನು: ನಿನ್ನ ಗಡಿಯಾಚೆಯ ಗುಡ್ಡದ ಹಳ್ಳಿಗಳನ್ನು ನಾನು ಹಿಡಿಯುತ್ತೇನೆ, ನೀನು ಸುಮ್ಮನಿದ್ದರೆ ನಿನ್ನ ತಂಟೆಗೆ ಬರುವುದಿಲ್ಲ. ತಂದೆ ಒಪ್ಪುವ ಮನಸ್ಸು ಮಾಡಿದ್ದನು. ಆ ಸುದ್ದಿ ಬಂದಾಗಿನಿಂದ ಬೊಮ್ಮಣ್ಣನಿಗೆ ಊಟ ಸೇರುತ್ತಿರಲಿಲ್ಲ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡರು. "ತಪ್ಪೋ ಒಪ್ಪೋ ಆಮೇಲೆ ನೀನೇ ಹೇಳುವೆಯಂತೆ. ಮೊದಲು ಒಬ್ಬ ಗೌಡನ ಕತೆ ಕೇಳು" ಎಂದು ಹೇಳತೊಡಗಿದರು.

ಒಂದು ಹೊಳೆ. ಅದರ ಈಚೆ ದಂಡೆಯಲ್ಲಿ ಕೆಲವು ಹಳ್ಳಿಗಳು, ಆಚೆ ದಂಡೆಯಲ್ಲಿ ಒಬ್ಬ ಪಾಳೆಯಗಾರ. ಪಾಳೆಯಗಾರನ ಕಸುಬು ನಿನಗೆ ಗೊತ್ತೇ ಇದೆ. ಹೊಳೆ ಇಳಿದಾಗ ದಾಟಿ ಬರುವುದು, ಕೈಗೆ ಸಿಕ್ಕಿದ ದನ ಹೊಡೆದುಕೊಂಡು ಹೋಗುವುದು. ಅದಕ್ಕೆ ಹಳ್ಳಿಗಳವರು ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಊರಿಗೊಂದು ನಗಾರಿ. ಯಾವ ಊರಿನ ದನಕ್ಕೆ ಕೈ ಬಿದ್ದರೂ ಆ ಊರಿನವರು ನಗಾರಿ ಬಡಿಯಬೇಕು. ಅದನ್ನು ಕೇಳಿದ ಊರು ತನ್ನ ನಗಾರಿ ಬಡಿದು ಓಗೊಡಬೇಕು. ಆಮೇಲೆ ಗಂಡಸಾದವರೆಲ್ಲ ಈಟಿಯೋ ಕುಡುಗೋಲೋ ಕೈಗೆ ಸಿಕ್ಕಿದ್ದನ್ನು ಹಿಡಿದು ಹೊಳೆಯ ಕಡೆಗೆ ಓಡಬೇಕು.

ತಮಾಷೆಯೆಂದರೆ, ಹೆಚ್ಚಿನ ಸಲ ಓಡಿದವರಿಗೆ ಕೆಲಸವೇ ಇರುತ್ತಿರಲಿಲ್ಲ. ಪಾಳೆಯಗಾರ ಶೂರನೇನಲ್ಲ, ಲೆಕ್ಕಾಚಾರದ ಮನುಷ್ಯ. ದನ ಹೊಡೆದುಕೊಂಡು ಬಂದು ಹೊಳೆಯ ನಡುವೆ ನಿಂತು ಕಿವಿಗೊಡುತ್ತಿದ್ದನು. ಒಂದು ನಗಾರಿಗೆ ಇನ್ನೊಂದು ಓಗೊಟ್ಟರೆ ದನ ಅಲ್ಲೇ ಬಿಟ್ಟು ಕಾಲಿಗೆ ಬುದ್ಧಿ ಹೇಳುತ್ತಿದ್ದನು. ಅವನಿಗೂ ಹೆಂಡತಿ ಮಕ್ಕಳಿದ್ದರಲ್ಲ.

ಒಮ್ಮೆ ಮಾತ್ರ ಲೆಕ್ಕ ತಪ್ಪಿ ಬಡಿದಾಟವಾಯಿತು. ಆ ದಿನ, ಆ ಹಳ್ಳಿಗಳಲ್ಲೆಲ್ಲ ದೊಡ್ಡದಾದ ಊರಿನ ಗೌಡನ ತಂದೆಯನ್ನು ಕಂಬಳಿಯಲ್ಲಿ ಸುತ್ತಿ ಮನೆಗೆ ತಂದರು. ಗೌಡ ಆಗ ಚಿಕ್ಕವನು. ಕಂಬಳಿಯಿಂದ ತೊಟ್ಟಿಕ್ಕಿದ್ದನ್ನು ತಾಯಿ ಸೆಗಣಿ ಹಾಕಿ ಸಾರಿಸಿದ್ದನ್ನು ಕಂಡಿದ್ದನು. ಅಲ್ಲಿಂದ ಅವನಿಗೆ ನಗಾರಿಯ ಸದ್ದೆಂದರೆ ಎದೆ ಝಲ್ಲೆನ್ನುತ್ತಿತ್ತು. ಅದಕ್ಕಾಗಿ ಅವನನ್ನು ನೋಡಿ ನಗಬೇಡ. ನಾನಾಗಿದ್ದರೂ ಹೆದರುತ್ತಿದ್ದೆ.

ಆ ಗೌಡನಿಗೆ ಒಬ್ಬನೇ ಮಗ. ಮಗನಿಗೆ ಮೀಸೆ ಮೂಡಿದಾಗಿನಿಂದ ಗೌಡನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಇನ್ನೊಮ್ಮೆ ನಗಾರಿ ಕೇಳಿದರೆ ಮೊದಲು ಓಡುವವನು ಇವನೇ ಎಂದು ಅವನಿಗೆ ಗೊತ್ತಿತ್ತು.

ಕೇಳಿತು. ಹೊಳೆಯ ದಡದಲ್ಲಿ ದನಗಾಹಿಗಳ ಒಂದು ಚಿಕ್ಕ ಹಟ್ಟಿ ಇತ್ತು. ಪಾಳೆಯಗಾರ ಅದರ ದನಗಳನ್ನು ಹೊಡೆದನು. ಹಟ್ಟಿಯ ನಗಾರಿ ಕೇಳಿದ ಕೂಡಲೇ ಮಗ ಈಟಿ ತೆಗೆದುಕೊಂಡನು. ಗೌಡ ಬಾಗಿಲಿಗೆ ಅಡ್ಡ ನಿಂತನು.

"ಹಟ್ಟಿಯೋರ ನಾಕು ದನಕ್ಕೆ ನಮ್ಮನೆ ದೀಪ ಆರಬೇಕೇನೋ?"

"ಇವತ್ತು ನಾವು ಹೋಗ್ದಿದ್ರೆ ನಾಳೆ ನಮಗ್ಯಾರು ಬರ್ತಾರಪ್ಪ?"

"ನಾಳೇದು ನಾಳೆ ನೋಡಾಣ. ಒಳಗೆ ನಡಿ."

ಮಗ ಒಳಗೆ ಹೋದನು. ದೊಡ್ಡ ಊರಿನ ನಗಾರಿ ಸುಮ್ಮನಿತ್ತು. ದೊಡ್ಡವರೇ ಸುಮ್ಮನಿರುವಾಗ ನಮಗೇಕೆ ಊರ ಉಸಾಬರಿ ಎಂದು ಉಳಿದ ಹಳ್ಳಿಗಳೂ ಸುಮ್ಮನಾದವು. ಪಾಳೆಯಗಾರ ಹೊಳೆಯ ನಡುವೆ ನಿಂತು ಕಿವಿಗೊಟ್ಟನು. ಹಟ್ಟಿಯ ನಗಾರಿಯೊಂದೇ ಕೇಳುತ್ತಿತ್ತು. ಬಡಿದು ಬಡಿದು ಅದೂ ನಿಂತಿತು. ಏನೋ ಮೋಸವಿದೆ ಎಂದು ಅವನಿಗೇ ದಿಗಿಲಾಯಿತು. ದನ ಆಚೆ ದಡ ಮುಟ್ಟುವ ತನಕ ಹಿಂದೆ ನೋಡುತ್ತಲೇ ಹೋದನು.

ಕೆಲವು ದಿನಗಳಾದ ಮೇಲೆ ಅವನ ಮನುಷ್ಯನೊಬ್ಬ ಗೌಡನ ಬಳಿಗೆ ಬಂದನು. ಹಟ್ಟಿ ಇರುವ ದಡ ಒಡೆಯನಿಗೆ ಬೇಕು, ಅದೊಂದನ್ನು ಕೊಟ್ಟರೆ ಮತ್ತೆಂದೂ ಏನನ್ನೂ ಕೇಳುವುದಿಲ್ಲ ಎಂದನು. ಗೌಡ ವೀಳ್ಯ ಕೊಟ್ಟು ಒಪ್ಪಿದನು. ಹಟ್ಟಿಯವರನ್ನು ಕೇಳಲಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಆ ದಿನ ಊರಲ್ಲಿ ಹೋಳಿಗೆ ಮಾಡಿದರು. ಯುದ್ಧ ತಪ್ಪಿತೆಂದು ಹೆಂಗಸರು ಗೌಡನಿಗೆ ಆರತಿ ಎತ್ತಿದರು.

ಹಟ್ಟಿಯವರು ಮಡಕೆ ಕುಡಿಕೆ ಹೊತ್ತು ಊರ ಮುಂದೆಯೇ ಹಾದುಹೋದರು. ಅವರಲ್ಲಿ ಒಬ್ಬ ಮುದುಕಿ ಚಾವಡಿಯ ಮುಂದೆ ನಿಂತಳು. "ನಮ್ದು ಹೋತು ಗೌಡ್ರೇ, ಹೋಗ್ಲಿ. ಹೊಳೆ ಕಾಯ್ತಿದ್ದೋರು ನಾವು. ಇನ್ಮ್ಯಾಲೆ ಅವ ದಾಟಿದ್ದನ್ನ ನಿಮಗೆ ಹೇಳೋರ್ಯಾರು?" ಎಂದಳು. ಗೌಡ ಎಲೆ ಅಡಿಕೆ ಅಗಿಯುತ್ತಿದ್ದನು. ಬಾಯಿ ತುಂಬಿದ್ದರಿಂದ ಉತ್ತರ ಕೊಡದಿರುವುದು ಸುಲಭವಾಯಿತು.

ಸುಮ್ಮನೆ ಸಿಕ್ಕಿದ್ದು ಪಾಳೆಯಗಾರನಿಗೂ ಒಳ್ಳೆಯದು ಮಾಡಲಿಲ್ಲ. ಬೆವರು ಸುರಿಸದೆ ಲೂಟಿ ಸಿಗುತ್ತದೆಂದು ಊರೂರಿನ ಪುಂಡರು ಬಂದು ಅವನ ದಂಡು ಸೇರಿದರು. ಅವರ ಹೊಟ್ಟೆ ತುಂಬಿಸಬೇಕಾಯಿತು. ಒಂದು ವರ್ಷ ಹೊಳೆ ದಾಟದಿದ್ದರೆ ಅವರು ತನ್ನನ್ನೇ ತಿಂದಾರೆಂಬ ಭಯ ಅವನನ್ನು ಹಿಡಿಯಿತು. ಹುಲಿ ಸವಾರಿ ಹೊರಟವನಿಗೆ ಇಳಿಯಲು ಜಾಗ ಸಿಗುವುದಿಲ್ಲ. ಮುಂದಿನ ಹಳ್ಳಿಯ ಕೆರೆ ಕೇಳಿದನು. ಗೌಡ ಆ ಹಳ್ಳಿಯವರನ್ನೇ ಗದರಿಸಿ ಕೊಡಿಸಿದನು. ಅದರಾಚೆಯ ಹಳ್ಳಿಯ ಹುಲ್ಲುಗಾವಲು ಕೇಳಿದನು. ಅದನ್ನೂ ಕೊಡಿಸಿದನು. ಬೆರಳು ತೋರಿಸಿದರೆ ಹಸ್ತ ನುಂಗುವವನ ಮುಂದೆ ಗೌಡ ಬೇರೆಯವರ ಬೆರಳುಗಳನ್ನು ಹಿಡಿಯುತ್ತ ಹೋದನು.

ಇಷ್ಟು ಕೊಟ್ಟ ಮೇಲೆ ಭಯ ಕಡಿಮೆಯಾಗಬೇಕಿತ್ತು, ಅಲ್ಲವೇ? ಕೊಟ್ಟಷ್ಟೂ ಹೆಚ್ಚಿತು. ಪಾಳೆಯಗಾರನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, 'ಆಚೆಯವ' ಎನ್ನುತ್ತಿದ್ದರು. ನಾಯಿ ಬೊಗಳಿದರೆ ಮಾತು ನಿಲ್ಲುತ್ತಿತ್ತು. ಕೂಸು ಅತ್ತರೆ ತಾಯಂದಿರು ಅದರ ಬಾಯಿ ಮುಚ್ಚುತ್ತಿದ್ದರು. ಹಟ್ಟಿಯಿದ್ದ ಕಡೆ ಈಗ ಅವನ ಕಾವಲುಗಾರರ ಒಲೆಯ ಹೊಗೆ ಏಳುತ್ತಿತ್ತು. ಅದು ಕಂಡರೆ ನೀರಿಗೆ ಹೋದ ಹೆಂಗಸರು ಬರಿಗೊಡ ಹೊತ್ತೇ ಹಿಂತಿರುಗುತ್ತಿದ್ದರು. ಆಚೆಯವನು ತಪ್ಪು ತಿಳಿದಾನು, ಮದುವೆಗೂ ನಗಾರಿ ಮುಟ್ಟಬಾರದು ಎಂದು ಗೌಡ ಕಟ್ಟಪ್ಪಣೆ ಮಾಡಿದನು. ಆದರೆ ಮಗ ಮನೆಯಲ್ಲಿದ್ದನು, ಜೀವಂತ ಇದ್ದನು. ಅವನು ಉಣ್ಣುವುದನ್ನು ನೋಡುತ್ತ ಗೌಡ ಪ್ರತಿದಿನ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದನು.

ಒಂದು ಸುಗ್ಗಿಯಲ್ಲಿ ಪಾಳೆಯಗಾರನ ಮನುಷ್ಯ ಮತ್ತೆ ಬಂದನು. ಈ ಸಲ ಅವನು ಭೂಮಿ ಕೇಳಲಿಲ್ಲ.

"ನಮ್ಮ ಒಡೆಯರಿಗೆ ನಿಮ್ಮ ಮೇಲೆ ನಂಬಿಕೆ ಐತೆ ಗೌಡ್ರೇ. ಆದ್ರೂ ಒಂದು ಒತ್ತೆ ಇರ್ಲಿ ಅಂದ್ರು. ನಿಮ್ಮ ಮಗನ್ನ ಕಳಿಸ್ಬೇಕಂತೆ."

ಗೌಡ ಕೊಡಲೆಂದು ಎತ್ತಿದ್ದ ವೀಳ್ಯದೆಲೆಯನ್ನು ತಟ್ಟೆಗೆ ಹಿಂದಿಟ್ಟನು. ಬೇರೆಯವರದನ್ನು ಕೊಡುವಾಗ ಒಮ್ಮೆಯೂ ಹಿಂದೆ ಸರಿಯದ ಕೈ ಅದು. ಆಗುವುದಿಲ್ಲ ಎಂದನು. ಆ ಮನುಷ್ಯನಿಗೆ ಗೌಡನ ಬಾಯಿಂದ ಆ ಮಾತು ಕೇಳಿ ಅಭ್ಯಾಸವಿರಲಿಲ್ಲ. ಗೌಡ ಸ್ವಲ್ಪ ಚೌಕಾಸಿ ಮಾಡುತ್ತಿದ್ದಾನೆ, ಹೋಗಿ ನಿಂತರೆ ಕೊಡುತ್ತಾನೆ ಎಂದು ಒಡೆಯನಿಗೆ ಹೇಳಿದನು.

ಪಾಳೆಯಗಾರ ದಂಡು ಕಟ್ಟಿಕೊಂಡು ಹೊರಟನು. ಏಟು ಬೀಳದ ದಂಡಯಾತ್ರೆಯಲ್ಲವೇ, ತನ್ನ ಇಬ್ಬರು ಮಕ್ಕಳನ್ನೂ ಮುಂದೆ ಬಿಟ್ಟನು. ಅವರು ಹೊಳೆಗಿಳಿದದ್ದನ್ನು ಕಂಡು ಹೇಳುವವರು ದಡದಲ್ಲಿ ಯಾರೂ ಇರಲಿಲ್ಲ. ಊರಿಗೆ ತಿಳಿಯುವ ಹೊತ್ತಿಗೆ ಅವರು ನಡುನೀರಿನಲ್ಲಿದ್ದರು. ಗೌಡ ತಾನೇ ಓಡಿಹೋಗಿ ನಗಾರಿ ಬಡಿದನು. ಹಿಂದಿನ ಕಾಲವಾಗಿದ್ದರೆ ಆ ಸದ್ದಿಗೆ ಪಾಳೆಯಗಾರ ಅಲ್ಲಿಯೇ ನಿಲ್ಲುತ್ತಿದ್ದನು. ಈಗ ನಕ್ಕನು. "ಬಡ್ಕೊಳ್ಲಿ ಬಿಡ್ರೋ. ಬರೋರ್ಯಾರು?" ಎಂದು ಮಕ್ಕಳಿಗೆ ಹೇಳಿ ದಡ ಹತ್ತಿದನು.

ಬಂದರು. ಕೆರೆ ಕಳೆದುಕೊಂಡವರು, ಹುಲ್ಲುಗಾವಲು ಕಳೆದುಕೊಂಡವರು, ಇನ್ನು ಕಳೆದುಕೊಳ್ಳಲು ಏನೂ ಉಳಿಯದವರು ಬಂದರು. ಗೌಡನ ಮೇಲಿನ ಪ್ರೀತಿಗಲ್ಲ, ತಮ್ಮ ಹೊಟ್ಟೆಯ ಉರಿಗೆ ಬಂದರು. ಮಗ ಈಟಿ ಹಿಡಿದು ಎಲ್ಲರಿಗಿಂತ ಮುಂದೆ ಓಡಿದನು. ಈ ಸಲ ಅವನನ್ನು ತಡೆಯಲು ಗೌಡನಿಗೆ ಬಾಯಿರಲಿಲ್ಲ.

ಬೊಮ್ಮಣ್ಣ, ಅಂಥ ಬಡಿದಾಟವನ್ನು ವರ್ಣಿಸಬಾರದು. ಹಿಂತಿರುಗುವ ಯೋಚನೆ ಎರಡೂ ಕಡೆಯವರಿಗೆ ಇರಲಿಲ್ಲ, ಅಷ್ಟು ತಿಳಿದರೆ ಸಾಕು. ಸಂಜೆಗೆ ದನಗಳು ಹೊಳೆಯ ನೀರನ್ನು ಮೂಸಿ ಕುಡಿಯದೆ ಹಿಂದೆ ಸರಿದವು. ಗೌಡನ ಮಗ ಮರಳಿನ ಮೇಲೆ ಸತ್ತು ಬಿದ್ದಿದ್ದನು. ಪಾಳೆಯಗಾರನ ಇಬ್ಬರು ಮಕ್ಕಳೂ ಅಲ್ಲೇ ಬಿದ್ದಿದ್ದರು.

ಗೌಡ ಮಗನನ್ನು ಹುಡುಕುತ್ತ ಬಂದಾಗ ಪಾಳೆಯಗಾರನಿಗೆ ಇನ್ನೂ ಉಸಿರಿತ್ತು. ನೀರು ಕೇಳಿದನು. ಗೌಡ ಬೊಗಸೆಯಲ್ಲಿ ತಂದು ಕುಡಿಸಿದನು. ಯಾಕೆ ಕುಡಿಸಿದನೋ ಅವನಿಗೇ ತಿಳಿಯಲಿಲ್ಲ. ಪಾಳೆಯಗಾರನ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯವಿತ್ತು.

"ನೀ ಬಡಿದಾಡ್ತೀ ಅಂತ ನಂಗೆ ಗೊತ್ತೇ ಇರ್ಲಿಲ್ವಲ್ಲೋ ಗೌಡ. ಆ ಹಟ್ಟಿ ದನ ಹೊಡೆದ ದಿನ ನೀನು ನಗಾರಿಗೆ ಒಂದೇಟು ಹಾಕಿದ್ರೆ ಬಿಟ್ಟು ಹೋಗ್ತಿದ್ದೆ. ನನ್ನ ಹುಡುಗ್ರು ಉಳೀತಿದ್ರು. ನಿನ್ನೋನೂ ಉಳೀತಿದ್ದ."

ಗೌಡ ಇನ್ನೊಂದು ಬೊಗಸೆ ನೀರು ತಂದನು. ಅಷ್ಟರಲ್ಲಿ ಕುಡಿಯುವವನ ಉಸಿರು ನಿಂತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಬೊಮ್ಮಣ್ಣ ಕೇಳಿದನು.

"ಕಿತ್ತುಕೊಂಡವನದೇ ತಪ್ಪಲ್ಲವೇ, ಬುದ್ಧೀ?"

"ಅವನದೇ. ಅದರಲ್ಲಿ ಅನುಮಾನವಿಲ್ಲ. ಮರಳಿನ ಮೇಲೆ ಬಿದ್ದವರಿಗೆ ಅದರಿಂದ ಏನು ಸಿಕ್ಕಿತು?"

ಬೊಮ್ಮಣ್ಣ ತಲೆ ತಗ್ಗಿಸಿದನು. "ಆದರೆ ನನ್ನ ತಂದೆ ಬಿಟ್ಟುಕೊಡುತ್ತಿರುವುದು ಎಲ್ಲೋ ಗುಡ್ಡದ ಮೇಲಿನ ಹಳ್ಳಿಗಳನ್ನು. ಅವು ನಮ್ಮವೂ ಅಲ್ಲ" ಎಂದು ಮೆಲ್ಲನೆ ಹೇಳಿದನು.

ಗುರುಗಳು ಕೇಳಿದರು: "ನಿನ್ನನ್ನು ಬಿಟ್ಟರೆ ನಿನ್ನ ತಂದೆಗೆ ಬೇರೆ ಗಂಡುಮಕ್ಕಳಿದ್ದಾರೆಯೇ?"

"ಇಲ್ಲ, ನಾನೊಬ್ಬನೇ" ಎಂದು ಬೊಮ್ಮಣ್ಣ ತಂದೆಗೆ ಓಲೆ ಬರೆಯಲು ಎದ್ದನು.